ಕೋಗಿಲು ಕೆರೆಯ ಬಲಸುತ್ತು

ನಾಲ್ಕು ಸುತ್ತಿನ ಓಟಕ್ಕೆ ಎರಡು ಸೆಕೆಂಡು. ಟರ್ನರನಿಗೂ ನನಗೂ ನಡುವೆ ಇದ್ದ ಅಂತರ ಅಷ್ಟೇ. ಆ ಎರಡು ಸೆಕೆಂಡು ನನ್ನ ಊಟವನ್ನೂ ನಿದ್ದೆಯನ್ನೂ ಕೆಡಿಸಿತ್ತು.

ತುರ್ತು ಪರಿಸ್ಥಿತಿ ಮುಗಿದು ಒಂದೆರಡು ವರ್ಷವಾಗಿತ್ತು. ನಾನು ಯಶವಂತಪುರದ ಹತ್ತಿರದ ಒಂದು ಕಾರ್ಖಾನೆಯಲ್ಲಿ ವೆಲ್ಡರ್. ಟರ್ನರ್ ಅದೇ ಶೆಡ್ಡಿನಲ್ಲಿ ಲೇತ್ ನಡೆಸುವವನು. ನಾನು ಮತ್ತಿಕೆರೆಯ ಬಾಡಿಗೆ ಕೋಣೆಯಿಂದ ನಡೆದು ಬರುತ್ತಿದ್ದೆ, ಅವನು ಆರ್.ಟಿ. ನಗರದಿಂದ ಸೈಕಲ್ ತುಳಿದು ಬರುತ್ತಿದ್ದ. ಇಬ್ಬರಿಗೂ ಇಪ್ಪತ್ತಾರು. ಆ ಬೇಸಿಗೆಯಲ್ಲಿ ನಮ್ಮ ಕಡೆಯ ನಾಲ್ಕು ಕಾರ್ಖಾನೆಗಳು ಸೇರಿ ನಡೆಸುವ ಆಟೋಟದಲ್ಲಿ ಹೊಸದಾಗಿ ಮೋಟಾರ್ ಸೈಕಲ್ ಓಟ ಇಡುವುದೆಂದು ತೀರ್ಮಾನವಾಯಿತು. ಮಣ್ಣಿನ ಟ್ರ್ಯಾಕು, ಕಾರ್ಖಾನೆಗೆ ಒಂದೇ ಗಾಡಿ, ಒಬ್ಬನೇ ಸವಾರ. ಆ ಒಬ್ಬ ನಾನಾಗಬೇಕೆಂದು ನನಗೆ ಎಷ್ಟು ಆಸೆಯಿತ್ತೋ ಟರ್ನರನಿಗೂ ಅಷ್ಟೇ ಇತ್ತು. ವ್ಯತ್ಯಾಸವೆಂದರೆ ಅವನು ನಗುತ್ತ ಆಸೆಪಡುತ್ತಿದ್ದ, ನಾನು ಹಲ್ಲು ಕಚ್ಚಿಕೊಂಡು ಆಸೆಪಡುತ್ತಿದ್ದೆ.

ಇದಕ್ಕೆಲ್ಲ ಮೂಲ ಪೋಲೆಂಡಿನ ಎಂಜಿನಿಯರ್ ಒಬ್ಬರು. ಎರಕದ ಹೊಸ ಯಂತ್ರ ಕೂರಿಸಿಕೊಡಲು ಒಂದು ವರ್ಷಕ್ಕೆಂದು ಬಂದಿದ್ದರು. ಶೆಡ್ಡಿನಲ್ಲಿ ಎಲ್ಲರೂ ಅವರನ್ನು ಸಾಹೇಬ್ರು ಅನ್ನುತ್ತಿದ್ದರು. ನಲವತ್ತು ದಾಟಿತ್ತು, ಎಡಗಾಲು ಮಂಡಿಯಲ್ಲಿ ಮಡಚುತ್ತಿರಲಿಲ್ಲ. ಕ್ಯಾಂಟೀನಿನಲ್ಲಿ ಆ ಕಾಲನ್ನು ಬೆಂಚಿನ ಮೇಲೆ ಉದ್ದಕ್ಕೆ ಚಾಚಿ ಕೂತು ಕಾಫಿ ಕುಡಿಯುತ್ತಿದ್ದರು. ಅವರ ಇಂಗ್ಲಿಷು ನನ್ನ ಇಂಗ್ಲಿಷು ಎರಡೂ ಒಂದೇ ದರ್ಜೆಯವು, ಹಾಗಾಗಿ ಮಾತು ಚೆನ್ನಾಗಿ ನಡೆಯುತ್ತಿತ್ತು.

ಅವರು ತಮ್ಮ ದೇಶದಲ್ಲಿ ಸ್ಪೀಡ್‌ವೇ ಸವಾರ. ಅದೊಂದು ವಿಚಿತ್ರ ಆಟ. ಮೊಟ್ಟೆಯಾಕಾರದ ಮಣ್ಣಿನ ಟ್ರ್ಯಾಕು, ನಾಲ್ಕು ಜನ, ನಾಲ್ಕು ಸುತ್ತು. ಗಾಡಿಗೆ ಬ್ರೇಕ್ ಇಲ್ಲ, ಗೇರು ಒಂದೇ. ತಿರುವುಗಳೆಲ್ಲ ಎಡಕ್ಕೆ. ತಿರುವು ಬಂದಾಗ ಆಕ್ಸಿಲರೇಟರ್ ಬಿಡುವಂತಿಲ್ಲ, ಇನ್ನೂ ತಿರುಚಬೇಕು. ಹಿಂದಿನ ಚಕ್ರ ಹೊರಕ್ಕೆ ಜಾರುತ್ತದೆ, ಹ್ಯಾಂಡಲನ್ನು ಬಲಕ್ಕೆ ತಿರುಗಿಸಿ, ಎಡಗಾಲನ್ನು ನೆಲಕ್ಕೆ ಊರಿ ಅದರ ಮೇಲೆ ಒರಗಿಕೊಂಡೇ ತಿರುವು ದಾಟಬೇಕು. ಅದಕ್ಕೆ ಎಡ ಬೂಟಿನ ಕೆಳಗೆ ಉಕ್ಕಿನ ಅಟ್ಟೆ. ಸಾಹೇಬ್ರು ಹದಿನಾರನೇ ವಯಸ್ಸಿಗೆ ತಮ್ಮೂರಿನ ಕ್ಲಬ್ಬಿನಲ್ಲಿ ಗಾಡಿ ತೊಳೆಯಲು ಸೇರಿ, ಎರಡು ವರ್ಷಕ್ಕೆ ಸವಾರರಾಗಿ, ಹನ್ನೆರಡು ವರ್ಷ ಓಡಿಸಿದ್ದರು. ಭಾನುವಾರ ಬಂದರೆ ಊರಿಗೆ ಊರೇ ಟ್ರ್ಯಾಕಿನ ಸುತ್ತ ನಿಲ್ಲುತ್ತಿತ್ತಂತೆ. ಕೊರಳಿನ ಕೆಳಗಿನ ಮೂಳೆ ಎರಡು ಸಲ, ಮಣಿಕಟ್ಟು ಒಂದು ಸಲ ಮುರಿದಿದ್ದವು. ಅದನ್ನೆಲ್ಲ ಲೆಕ್ಕಕ್ಕೇ ಇಟ್ಟಿರಲಿಲ್ಲ. ಕೊನೆಗೆ ಒಂದು ದಿನ ಬಿದ್ದಾಗ ಹಿಂದಿನವನ ಗಾಡಿ ಎಡ ಮಂಡಿಯ ಮೇಲೆ ಹತ್ತಿತು. "ಎಡಗಾಲು ಹೋದ ಮೇಲೆ ಈ ಆಟದಲ್ಲಿ ಉಳಿಯುವುದು ಟಿಕೆಟ್ ಹರಿಯುವ ಕೆಲಸ ಮಾತ್ರ" ಎಂದು ನಗುತ್ತಿದ್ದರು. ಹತ್ತು ವರ್ಷದಿಂದ ಅವರು ಗಾಡಿಯ ಮೇಲೆ ಕೂತಿರಲಿಲ್ಲ.

ಮ್ಯಾನೇಜರು ಓಟದ ಜವಾಬ್ದಾರಿಯನ್ನು ಅವರಿಗೇ ಒಪ್ಪಿಸಿದರು. ಗುಜರಿಗೆ ಹೋಗಲಿದ್ದ ಇನ್ನೂರೈವತ್ತು ಸಿಸಿಯ ಟೂ ಸ್ಟ್ರೋಕ್ ಗಾಡಿಯೊಂದು ಸಿಕ್ಕಿತು. ಬ್ರೇಕು, ಮಡ್‌ಗಾರ್ಡು, ದೀಪ ಎಲ್ಲ ಕಿತ್ತು ಹಾಕಿದೆವು. ಸೀಳಿದ್ದ ಫ್ರೇಮಿಗೆ ನಾನು ಬೆಸುಗೆ ಹಾಕಿದೆ, ಹಿಂದಿನ ಚಕ್ರಕ್ಕೆ ದೊಡ್ಡ ಸ್ಪ್ರಾಕೆಟ್ಟನ್ನು ಟರ್ನರ್ ಕಡೆದ. ಉಕ್ಕಿನ ಅಟ್ಟೆ ಮಾಡಿದವನೂ ನಾನೇ. ಮೊದಲನೆಯದು ಸಾಧಾರಣ ತಗಡಿನದು, ಒಂದೇ ಸಂಜೆಗೆ ಸವೆದು ಬಾಯಿ ಬಿಟ್ಟಿತು. ಎರಡನೆಯದರ ತಳಕ್ಕೆ ಗಟ್ಟಿ ಎಲೆಕ್ಟ್ರೋಡಿನಿಂದ ಸಾಲುಸಾಲಾಗಿ ಬೆಸುಗೆ ಎಳೆದೆ. ಅದು ನಿಂತಿತು. ಆದರೆ ಅದನ್ನು ಹಾಕಿಕೊಂಡು ಜಾರುವುದನ್ನು ಕಲಿತವನು ಟರ್ನರ್.

ಕಾರ್ಖಾನೆಯ ಹಿಂದೆ ಎರಕದ ಕಿಟ್ಟ ಸುರಿಯುವ ಬಯಲಿನಲ್ಲಿ ಇಬ್ಬರೂ ಅಭ್ಯಾಸ ಮಾಡುತ್ತಿದ್ದೆವು. ತಿರುವು ಬಂದ ಕೂಡಲೇ ನನ್ನ ಬಲಗೈ ತಾನಾಗಿ ಆಕ್ಸಿಲರೇಟರ್ ಮುಚ್ಚುತ್ತಿತ್ತು. ಹೆದರಿಕೆ, ಬೇರೇನೂ ಅಲ್ಲ. ಟರ್ನರ್ ಮಾತ್ರ ಮೂರನೇ ದಿನವೇ ಗಾಡಿಯನ್ನು ಅಡ್ಡಡ್ಡ ಹಿಡಿದು ಧೂಳೆಬ್ಬಿಸಿಕೊಂಡು ಬಂದ. ಸಾಹೇಬ್ರು ಕೋಲೂರಿ ಎದ್ದು ನಿಂತು ತಮ್ಮ ಭಾಷೆಯಲ್ಲಿ ಏನೋ ಕೂಗಿದರು. ಆ ಕೂಗು ಒಂದು ಸಲವೂ ನನಗಾಗಿ ಬರಲಿಲ್ಲ. ಸ್ಟಾಪ್‌ವಾಚು ನೋಡಿ, ಎರಡು ಸೆಕೆಂಡು ಅಂದರು. ಸವಾರ ಟರ್ನರ್, ಮೆಕ್ಯಾನಿಕ್ ನಾನು ಎಂದು ಅಲ್ಲೇ ತೀರ್ಮಾನವಾಯಿತು.

ಟರ್ನರ್ ನನ್ನ ಹೆಗಲ ಮೇಲೆ ಕೈ ಹಾಕಿದ. "ಅರೆ, ಬಿಡು ಗುರು. ಎರಡ್ ಸೆಕೆಂಡ್ ಏನ್ ದೊಡ್ಡದು. ನೀನ್ ವೆಲ್ಡಿಂಗ್ ಮಾಡ್ದೆ ಇದ್ದಿದ್ರೆ ಗಾಡಿನೇ ಇರ್ತಿರ್ಲಿಲ್ಲ."

ಅವನು ಮೆರೆದಿದ್ದರೆ ಸಹಿಸಿಕೊಳ್ಳುತ್ತಿದ್ದೆನೇನೋ. ಸಮಾಧಾನ ಹೇಳಿದನಲ್ಲ, ಅದು ಉರಿಯುವ ಗಾಯಕ್ಕೆ ಉಪ್ಪು ಸವರಿದಂತಾಯಿತು. ಕೋಣೆಗೆ ಹೋಗಿ ಗೋಡೆ ನೋಡುತ್ತ ಮಲಗಿದೆ. ಅವನ ಮಣಿಕಟ್ಟು, ಅವನ ಧೈರ್ಯ, ಅವನಿಗೆ ಬಿದ್ದ ಆ ಕೂಗು, ಎಲ್ಲದರ ಮೇಲೂ ಹೊಟ್ಟೆಕಿಚ್ಚು.

ಓಟಕ್ಕೆ ದೊಡ್ಡ ಜಾಗ ಬೇಕಿತ್ತು. ಯಲಹಂಕದ ಹತ್ತಿರ ಕೋಗಿಲು ಕೆರೆ ಬತ್ತಿ ಅಂಗಳ ಗಟ್ಟಿಯಾಗಿತ್ತು. ಊರಿನ ಹಿರಿಯ ಗೌಡರು ಆಗಲಿ ಅಂದರು. ಓಟಕ್ಕೆ ಹತ್ತು ದಿನ ಮುಂಚೆ ಕಾರ್ಖಾನೆಯ ಲಾರಿಯಲ್ಲಿ ಗಾಡಿ ಹೇರಿಕೊಂಡು ಹೋದೆವು. ಅಂಗಳದಲ್ಲಿ ಎಲ್ಲಕ್ಕಿಂತ ಸಮತಟ್ಟಾದ ಜಾಗದ ನಡುವೆ ಮೊಳದುದ್ದದ ಕಲ್ಲೊಂದಿತ್ತು, ಅರಿಸಿನ ಕುಂಕುಮ ಹಚ್ಚಿದ್ದರು. ನೀರು ತುಂಬಿದಾಗ ಮುಳುಗಿ ಬೇಸಿಗೆಯಲ್ಲಿ ಮಾತ್ರ ಕಾಣುವ ಕೆರೆಯಮ್ಮ. ಕಲ್ಲನ್ನು ಮುಟ್ಟದೆ, ಅದರ ಸುತ್ತ ದೂರದಲ್ಲಿ ಸುಣ್ಣ ಚೆಲ್ಲಿ ಟ್ರ್ಯಾಕ್ ಗುರುತಿಸಿದೆವು. ಪೆಟ್ರೋಲ್ ತರಲು ಟರ್ನರ್ ಲಾರಿಯಲ್ಲಿ ಹೆಬ್ಬಾಳಕ್ಕೆ ಹೋದ. ಸಾಹೇಬ್ರು ಏರಿಯ ನೆರಳಿನಲ್ಲಿ ಕೂತರು. ಗಾಡಿಯಲ್ಲಿ ಉಳಿದಿದ್ದ ಪೆಟ್ರೋಲಿನಲ್ಲಿ ನಾನು ನಿಧಾನವಾಗಿ ಎರಡು ಸುತ್ತು ಹೊಡೆದು ನೆಲ ನೋಡಿದೆ.

ಗೌಡರು ಟವಲು ಬೀಸುತ್ತ ಬಂದರು.

"ನಿಲ್ಸಪ್ಪ. ಇದೇನಿದು, ಇಂಗ್ ಎಡಕ್ ಸುತ್ತೀಯ?"

"ಆಟಾನೇ ಹಂಗೆ ಗೌಡ್ರೆ. ಎಡಕ್ಕೇ ಸುತ್ಬೇಕು."

"ಎಡಕ್ ಸುತ್ತೋದು ಎಣದ್ ಸುತ್ತ. ಅಮ್ಮನ್ ಸುತ್ತ ಅಂಗ್ ಸುತ್ತುದ್ರೆ ಊರಿಗ್ ಒಳ್ಳೇದಾಯ್ತದಾ? ಮುಂದಿನ್ ವರ್ಸ ಕೆರೆ ತುಂಬ್ಬೇಕಲ್ಲ. ಬಲಕ್ ಸುತ್ಕಳಿ, ಎಷ್ಟಾರಾ ಸುತ್ಕಳಿ, ನಾನ್ ಬ್ಯಾಡ ಅನ್ನಲ್ಲ."

ಅವರ ಮಾತಿನಲ್ಲಿ ತಪ್ಪೇನಿರಲಿಲ್ಲ. ದೇವರನ್ನು ಬಲಕ್ಕಿಟ್ಟುಕೊಂಡು ಸುತ್ತಬೇಕೆಂದು ನನಗೂ ಅಮ್ಮ ಕಲಿಸಿದ್ದಳು. ಸುಣ್ಣ ಚೆಲ್ಲುವಾಗ ಅದು ನನ್ನ ತಲೆಗೇ ಬರದಿದ್ದುದು ಆಶ್ಚರ್ಯ. ನಾನು ಪೆಚ್ಚಾಗಿ ನಿಂತದ್ದು ನೋಡಿ ಗೌಡರಿಗೆ ಕನಿಕರ ಬಂತೆಂದು ಕಾಣುತ್ತದೆ.

"ಎಡಕ್ಕೇ ಆಗ್ಬೇಕು ಅಂದ್ರೆ ಇನ್ನೊಂದ್ ಕೆಲ್ಸ ಮಾಡಾನ. ಅಗೋ, ಪಡುವಲ್ ಕಡೆ ಇಷ್ಟೇ ಅಗಲ ಜಾಗ ಅದೆ. ಬಿರುಕ್ ಬಿಟ್ಟದೆ ಅಷ್ಟೇಯ. ಎರಡ್ ದಿನ ಎತ್ ಕಟ್ಟಿ ಮಟ್ಟ ಮಾಡುಸ್ಕೊಡ್ತೀನಿ. ಅಮ್ಮ ಒರಗಡೆ ಉಳ್ಕಂತಾಳೆ. ಆಗ ನೀವ್ ಎಂಗಾರಾ ಸುತ್ಕಳಿ."

ಇಷ್ಟರಲ್ಲಿ ಸಾಹೇಬ್ರು ಕೋಲೂರಿಕೊಂಡು ಬಂದು, ಏನಂತೆ ಎಂದು ನನ್ನನ್ನು ಕೇಳಿದರು.

ಗೌಡರ ಮಾತಿನ ಅರ್ಧವನ್ನು ಮಾತ್ರ ಇಂಗ್ಲಿಷಿಗೆ ತಿರುಗಿಸಿದೆ. "ಈ ದೇವರ ಕಲ್ಲಿನ ಸುತ್ತ ಬಲಕ್ಕೆ ಸುತ್ತಬೇಕಂತೆ. ಇಲ್ಲದಿದ್ದರೆ ಈ ಜಾಗ ಇಲ್ಲವಂತೆ." ಆಮೇಲೆ ಗೌಡರ ಕಡೆ ತಿರುಗಿದೆ. "ನಿಮ್ಗ್ಯಾಕೆ ತೊಂದ್ರೆ ಗೌಡ್ರೆ. ಎತ್ತು ಗಿತ್ತು ಏನೂ ಬೇಡ. ಬಲಕ್ಕೇ ಸುತ್ತೀವಿ."

ಯೋಚಿಸಿ ಮಾಡಿದ್ದಲ್ಲ ಎಂದು ಹೇಳಿದರೆ ಸುಳ್ಳಾಗುತ್ತದೆ. ಬಲಕ್ಕೆ ಸುತ್ತಿದರೆ ಟರ್ನರ್ ಕಲಿತದ್ದೆಲ್ಲ ತಲೆಕೆಳಗಾಗುತ್ತದೆ ಎಂದು ನನಗೆ ಚೆನ್ನಾಗಿ ಗೊತ್ತಿತ್ತು. ನಾನು ಜಾರುವುದನ್ನು ಕಲಿತೇ ಇರಲಿಲ್ಲ, ಹಾಗಾಗಿ ಮರೆಯಲೂ ಏನೂ ಇರಲಿಲ್ಲ.

ಸಾಹೇಬ್ರು ಸುಣ್ಣದ ಗೆರೆಯನ್ನು ಕೋಲಿನಿಂದ ಕೆದಕಿದರು. ತಮ್ಮ ಜೀವಮಾನದಲ್ಲೇ ಬಲಕ್ಕೆ ಸುತ್ತಿದವರನ್ನು ನೋಡಿಲ್ಲ ಅಂದರು. ಆಮೇಲೆ ಆ ಕಲ್ಲಿನ ಕಡೆ ನೋಡಿ, ತಮ್ಮೂರಿನಲ್ಲೂ ರಸ್ತೆ ಬದಿಯ ಶಿಲುಬೆಯ ಮುಂದೆ ಟೋಪಿ ತೆಗೆಯದೆ ಯಾರೂ ಹೋಗುವುದಿಲ್ಲ, ಈ ಊರಿನವರು ಹೇಳಿದಂತೆ ಕೇಳೋಣ ಅಂದರು. ಟರ್ನರ್ ಬಂದ ಮೇಲೆ ಅವನಿಗೂ ನಾನು ಅದೇ ಅರ್ಧ ಮಾತು ಹೇಳಿದೆ. ಅವನು ತಲೆ ಕೆರೆದುಕೊಂಡು, "ದೇವ್ರ್ ವಿಷ್ಯ ಅಲ್ವಾ, ಏನ್ ಮಾಡಕ್ಕಾಗತ್ತೆ ಕಣೋ" ಅಂದ.

ಮರುದಿನ ಸಂಜೆ ಇಬ್ಬರಿಗೂ ಮತ್ತೆ ಪರೀಕ್ಷೆ. ಎಡಗಾಲಿನ ಅಟ್ಟೆಯನ್ನೇ ಬಗ್ಗಿಸಿ ಬಲಗಾಲಿಗೆ ಕೂರಿಸಿದ್ದೆ. ಬಲಗಡೆಯ ಸೈಲೆನ್ಸರ್ ನೆಲಕ್ಕೆ ತಾಗದಂತೆ ಮೇಲಕ್ಕೆತ್ತಿ ಬೆಸೆದಿದ್ದೆ. ಬಲಕ್ಕೆ ಜಾರುವಾಗ ಹ್ಯಾಂಡಲ್ ಎಡಕ್ಕೆ ಹೋಗಬೇಕು, ಬಲಗೈಯನ್ನು ಮುಂದಕ್ಕೆ ಚಾಚಬೇಕು. ಚಾಚಿದ ಕೂಡಲೇ ಮಣಿಕಟ್ಟು ಮುಂದಕ್ಕೆ ಹೊರಳಿ ಆಕ್ಸಿಲರೇಟರ್ ಮುಚ್ಚಿಕೊಳ್ಳುತ್ತದೆ, ಹಿಂದಿನ ಚಕ್ರ ತಟ್ಟನೆ ನೆಲ ಕಚ್ಚುತ್ತದೆ, ಸವಾರ ಹೊರಕ್ಕೆ ಹಾರುತ್ತಾನೆ. ಟರ್ನರ್ ಮೂರು ಸಲ ಹಾಗೆ ಹಾರಿದ. ಮೊಣಕೈ ತರಚಿ ರಕ್ತ ಬಂತು. ನಾನು ಎಂದಿನಂತೆ ಹೆದರಿಕೊಂಡು, ಗಾಡಿಯನ್ನು ನೆಟ್ಟಗೆ ಹಿಡಿದುಕೊಂಡೇ ನಾಲ್ಕು ಸುತ್ತು ಮುಗಿಸಿದೆ. ನಾಲ್ಕನೇ ಸಲ ಅವನು ಬೀಳದೆ ಮುಗಿಸಿದ ಓಟಕ್ಕಿಂತ ಒಂದು ಸೆಕೆಂಡು ನಾನೇ ಮುಂದೆ. ಸಾಹೇಬ್ರು ಗಡಿಯಾರ ನೋಡಿ, "ಸರಿ, ವೆಲ್ಡರ್ ಓಡಿಸಲಿ" ಅಂದರು. ಕೂಗಲಿಲ್ಲ. ಸಂತೆಯಲ್ಲಿ ಉಳಿದ ತರಕಾರಿ ಆರಿಸುವವರ ದನಿ ಅದು.

ಆದರೂ ಆ ರಾತ್ರಿ ಹೊಟ್ಟೆ ತುಂಬ ಉಂಡೆ.

ಮಾರನೆಯ ದಿನ ಧೂಳು ಕೂರಿಸಲು ನೀರು ಬೇಕಾಗಿ ಟರ್ನರ್ ಗೌಡರ ಮನೆಗೆ ಹೋದ. ನಾನು ನಾಲ್ಕು ಸುತ್ತು ಹೊಡೆದು ಬಂದೆ. ಸಾಹೇಬ್ರು ಮುಖ ಸಿಂಡರಿಸಿದರು. ನಾನು ಗಾಡಿ ಓಡಿಸುತ್ತಿಲ್ಲ, ಗಾಡಿಯನ್ನು ವಾಕಿಂಗಿಗೆ ಕರೆದುಕೊಂಡು ಹೋಗುತ್ತಿದ್ದೇನೆ ಅಂದರು. ಹೇಗೆಂದು ತೋರಿಸುತ್ತೇನೆ ಎಂದು ಹ್ಯಾಂಡಲ್ ಹಿಡಿದು, ಎಡಗಡೆ ನಿಂತು, ಬಲಗಾಲನ್ನು ಸೀಟಿನ ಮೇಲಿಂದ ಆಚೆಗೆ ಹಾಕಿದರು. ಮಡಚದ ಎಡಗಾಲು ಕಾಲಿಡುವ ಪೆಡಲಿನ ಮೇಲೆ ನಿಲ್ಲಲಿಲ್ಲ. ಎಡಗಡೆಗೆ ಹಾಗೇ ಚಾಚಿಕೊಂಡಿತು. ಬಲಗಾಲಿಗೆ ನನ್ನ ಅಟ್ಟೆ ಕಟ್ಟಿಸಿಕೊಂಡರು. ಬಲಕ್ಕೆ ತಿರುಗುವಾಗ ನೆಲಕ್ಕೆ ಊರಬೇಕಾದದ್ದು ಬಲಗಾಲು, ಅವರ ಗಟ್ಟಿ ಕಾಲು. ಅದು ಅವರಿಗೂ ಹೊಳೆದಿರಲಿಲ್ಲ, ನನಗೂ ಹೊಳೆದಿರಲಿಲ್ಲ.

ಮೊದಲ ತಿರುವಿನಲ್ಲಿ ತಡವರಿಸಿದರು. ಎರಡನೆಯದರಲ್ಲಿ ಹಿಂದಿನ ಚಕ್ರ ಹೊರಕ್ಕೆ ಬಂತು. ಮೂರನೆಯದರಲ್ಲಿ ಗಾಡಿ ಪೂರ್ತಿ ಅಡ್ಡವಾಯಿತು, ಎಂಜಿನ್ ಒಂದೇ ಸಮನೆ ಕಿರುಚುತ್ತಲೇ ಇತ್ತು, ಕೆಮ್ಮಣ್ಣು ಗೋಡೆಯಂತೆ ಎದ್ದಿತು. ಆರು ಸುತ್ತು, ಏಳು ಸುತ್ತು, ಪೆಟ್ರೋಲ್ ಮುಗಿಯುವವರೆಗೂ ಅವರು ನಿಲ್ಲಿಸಲಿಲ್ಲ. ಯಾವಾಗ ಬಂದನೋ, ಟರ್ನರ್ ನೀರಿನ ಕೊಡ ಹಿಡಿದು ಟ್ರ್ಯಾಕಿನ ಅಂಚಿನಲ್ಲಿ ನಿಂತಿದ್ದ. ಗಾಡಿ ನಿಂತ ಮೇಲೂ ಸಾಹೇಬ್ರು ಇಳಿಯಲಿಲ್ಲ. ಮುಖವೆಲ್ಲ ಮಣ್ಣು, ಕಣ್ಣಿನ ಕೆಳಗೆ ಮಾತ್ರ ಎರಡು ಒದ್ದೆ ಗೆರೆ. ಯಾರ ಮುಖವನ್ನೂ ನೋಡದೆ, ಸಂಕೋಚದಿಂದ, ಎಡಗಡೆ ಒಂದು ಪೆಡಲು ಆರಿಂಚು ಕೆಳಕ್ಕೆ, ಸ್ವಲ್ಪ ಮುಂದಕ್ಕೆ ಬೆಸೆದು ಕೊಡಲು ಆಗುತ್ತದೆಯೇ ಎಂದು ನನ್ನನ್ನು ಕೇಳಿದರು. ಕಾರ್ಖಾನೆಯ ಬಿಲ್ಲೆ ಇರುವ ಯಾರು ಬೇಕಾದರೂ ಓಡಿಸಬಹುದೆಂದು ನಿಯಮ. ಅವರ ಕೊರಳಲ್ಲೂ ಬಿಲ್ಲೆ ಇತ್ತು.

ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಅನ್ನುತ್ತಾರಲ್ಲ, ಹಾಗಾಯಿತು. ಬೆಸೆಯಲು ಆಗುತ್ತಿತ್ತು, ಆಗುವುದಿಲ್ಲ ಅಂದರೆ ಯಂತ್ರ ಬಲ್ಲ ಸಾಹೇಬ್ರು ನಂಬುತ್ತಿರಲಿಲ್ಲ. ಎಡಕ್ಕೆ ಸುತ್ತುವ ಗಾಡಿಗಾದರೆ ಅಷ್ಟು ಕೆಳಗಿನ ಪೆಡಲು ನೆಲಕ್ಕೆ ಬಡಿಯುತ್ತದೆ. ಬಲಕ್ಕೆ ಸುತ್ತುವಾಗ ಎಡಗಡೆ ಎತ್ತರದಲ್ಲಿರುತ್ತದೆ. ಅಂದು ರಾತ್ರಿಯ ಪಾಳಿಯಲ್ಲಿ ಕಬ್ಬಿಣದ ಪಟ್ಟಿಯನ್ನು ಕೈಯಲ್ಲಿ ಹಿಡಿದು ಕೂತೆ. ಪಡುವಣ ಜಾಗದ ವಿಷಯ ಬಾಯಿ ಬಿಟ್ಟರೆ ಎರಡು ದಿನದಲ್ಲಿ ನೆಲ ಮಟ್ಟವಾಗುತ್ತದೆ, ಟ್ರ್ಯಾಕ್ ಮತ್ತೆ ಎಡಕ್ಕೆ ತಿರುಗುತ್ತದೆ, ಟರ್ನರ್ ಓಡಿಸುತ್ತಾನೆ. ಬಾಯಿ ಮುಚ್ಚಿಕೊಂಡು ಪೆಡಲು ಬೆಸೆದರೆ ಸಾಹೇಬ್ರು ಓಡಿಸುತ್ತಾರೆ. ಎರಡರಲ್ಲೂ ನಾನಿಲ್ಲ.

ಸಾಹೇಬ್ರ ಸಂತೋಷ ನೋಡಿ ಕರಗಿ ಬೆಸೆದೆ ಎಂದು ಬರೆದರೆ ಚೆನ್ನಾಗಿರುತ್ತದೆ. ಅದು ನಿಜವಲ್ಲ. ನನಗಿಲ್ಲದಿದ್ದರೂ ಸರಿ, ಅವನಿಗೆ ಹೋಗಬಾರದು ಎಂದೇ ಬೆಸೆದೆ. ಬೆಸುಗೆ ಮಾತ್ರ ಚೊಕ್ಕವಾಗಿ ಬಂತು. ಸುತ್ತಿಗೆಯಿಂದ ಹತ್ತು ಪೆಟ್ಟು ಕೊಟ್ಟು ನೋಡಿದೆ, ಅಲುಗಲಿಲ್ಲ.

ಮುಂದಿನ ಒಂದು ವಾರ ಟರ್ನರ್ ಯಾವ ತಕರಾರೂ ಇಲ್ಲದೆ ಕೆಲಸ ಮಾಡಿದ. ದಿನವೂ ನೀರು ಹೊತ್ತು ಚಿಮುಕಿಸಿದ, ಸಾಹೇಬ್ರಿಗೆ ಆಕ್ಸಿಲರೇಟರ್ ಹಿಡಿತ ಸಡಿಲವಾಗದಂತೆ ಹಿತ್ತಾಳೆಯ ಹೊಸ ಹಿಡಿ ಕಡೆದು ತಂದ. ನನ್ನೊಂದಿಗೆ ಮಾತು ಸ್ವಲ್ಪ ಕಡಿಮೆಯಾಗಿತ್ತು. ಸೀಟು ಹೋದ ಬೇಜಾರಿರಬೇಕು ಅಂದುಕೊಂಡು ಒಳಗೊಳಗೇ ಖುಷಿಪಟ್ಟೆ.

ಓಟದ ದಿನ ಏರಿಯ ಮೇಲೆ ಜನ ಕಿಕ್ಕಿರಿದಿದ್ದರು. ಕೋಗಿಲಿನವರು, ಹುಣಸಮಾರನಹಳ್ಳಿಯವರು, ನಾಲ್ಕು ಕಾರ್ಖಾನೆಯವರು. ಉಳಿದ ಮೂವರು ಸವಾರರು ಬ್ರೇಕ್ ಕಿತ್ತ ಮಾಮೂಲು ಗಾಡಿಗಳಲ್ಲಿ ಬಂದಿದ್ದರು, ಜಾರುವ ಗೊಡವೆಗೆ ಹೋದವರಲ್ಲ. ಬಾವುಟ ಬಿದ್ದಾಗ ಸಾಹೇಬ್ರು ಕೊನೆಯಲ್ಲಿ ಉಳಿದರು. ಮೊದಲ ತಿರುವಿನಲ್ಲಿ ಹೊರಗಿನಿಂದ ಅಡ್ಡಡ್ಡ ಜಾರಿ ಒಬ್ಬನನ್ನು, ಎರಡನೇ ಸುತ್ತಿನಲ್ಲಿ ಇನ್ನೊಬ್ಬನನ್ನು ದಾಟಿದರು. ಮುಂದಿದ್ದವನ ಗಾಡಿಗೆ ನೇರ ದಾರಿಯಲ್ಲಿ ಓಟ ಜಾಸ್ತಿ. ತಿರುವಿನಲ್ಲಿ ಇವರು ಹತ್ತಿರವಾಗುವುದು, ನೇರದಲ್ಲಿ ಅವನು ಬಿಡಿಸಿಕೊಳ್ಳುವುದು, ನಾಲ್ಕು ಸುತ್ತೂ ಹೀಗೇ ನಡೆದು ಅರ್ಧ ಚಕ್ರದಷ್ಟು ಅಂತರದಿಂದ ಸೋತರು. ಗೆದ್ದವನಿಗಿಂತ ಹೆಚ್ಚು ನಕ್ಕವರು ಅವರೇ.

ಬಹುಮಾನ ಕೊಟ್ಟವರು ಗೌಡರು. ಎರಡನೇ ಬಹುಮಾನದ ಗೋಡೆ ಗಡಿಯಾರವನ್ನು ಎದೆಗವಚಿಕೊಂಡು ಸಾಹೇಬ್ರು ನನ್ನನ್ನು ಮುಂದಕ್ಕೆ ಕರೆದರು. ಈ ವೆಲ್ಡರ್ ಅವತ್ತು ಗೌಡರ ಮಾತನ್ನು ನನಗೆ ತಲುಪಿಸದಿದ್ದರೆ ನಾನು ಸಾಯುವವರೆಗೂ ಮತ್ತೆ ಗಾಡಿ ಹತ್ತುತ್ತಿರಲಿಲ್ಲ ಎಂದು ಎಲ್ಲರೆದುರು ಹೇಳಿದರು. ಮ್ಯಾನೇಜರು ಅದನ್ನು ಕನ್ನಡದಲ್ಲಿ ಹೇಳಿ ಚಪ್ಪಾಳೆ ತಟ್ಟಿಸಿ, ಮೊದಲ ಬಹುಮಾನದವನನ್ನು ಕರೆತರಲು ಆಚೆ ಹೋದರು. ಟರ್ನರನೂ ತಟ್ಟಿದ.

ಗೌಡರಿಗೂ ಖುಷಿಯಾಗಿತ್ತು. ಸಾಹೇಬ್ರ ಕೈ ಹಿಡಿದು ಹೇಳಿದರು. "ನಾನ್ ಅವತ್ತೇ ಈವಯ್ಯಂಗ್ ಏಳ್ದೆ, ಪಡುವಲ್ ಜಾಗ ಮಟ್ಟ ಮಾಡುಸ್ಕೊಡ್ತೀನಿ, ನಿಮ್ ಇಷ್ಟದಂಗ್ ಎಡಕ್ಕೇ ಸುತ್ಕಳಿ ಅಂತ. ಈವಯ್ಯನೇ ಬ್ಯಾಡ ಅಂದ. ಅಂಗಾಗಿದ್ದೇ ಒಳ್ಳೇದಾಯ್ತು ನೋಡಿ."

ಸಾಹೇಬ್ರು ನನ್ನ ಕಡೆ ತಿರುಗಿ ಹುಬ್ಬೇರಿಸಿದರು. ಏನಂತೆ. ನಾನು ಮ್ಯಾನೇಜರು ಹೋದ ಕಡೆ ನೋಡಿದೆ. ಇನ್ನೊಂದು ಕ್ಷಣ ಹಾಗೇ ನಿಂತಿದ್ದರೆ ಅವರಿಗೆ ಗೊತ್ತಾಗುತ್ತಿತ್ತು. ಹಿಂದಿನಿಂದ ಟರ್ನರ್ ಇಂಗ್ಲಿಷಿನಲ್ಲಿ ಹೇಳಿದ, "ಮುಂದಿನ ವರ್ಷವೂ ಬನ್ನಿ ಅನ್ನುತ್ತಿದ್ದಾರೆ." ಸಾಹೇಬ್ರು ಗೌಡರ ಕೈಯನ್ನು ಜೋರಾಗಿ ಕುಲುಕಿದರು.

ಲಾರಿಗೆ ಗಾಡಿ ಏರಿಸಲು ಇಬ್ಬರೇ ಹೋದೆವು. ಅವನು ಮೇಲೆ ನಿಂತು ಎಳೆದ, ನಾನು ಕೆಳಗಿನಿಂದ ತಳ್ಳಿದೆ. ಕೇಳದೆ ಇರಲಾಗಲಿಲ್ಲ.

"ನಿಂಗ್ ಯಾವಾಗ್ ಗೊತ್ತಾಯ್ತು?"

"ನೀರಿಗ್ ಹೋಗಿದ್ನಲ್ಲ, ಅವತ್ತೇ. ಗೌಡ್ರೇ ಹೇಳಿದ್ರು."

"ಮತ್ತೆ ಸಾಹೇಬ್ರಿಗ್ ಯಾಕ್ ಹೇಳ್ಲಿಲ್ಲ?"

"ಹೇಳೋಕೇ ಬಂದೆ ಗುರು. ನಿನ್ ಕಾಲರ್ ಹಿಡ್ಕೊಂಡು ಕೇಳ್ಬೇಕು ಅಂತಾನೂ ಇತ್ತು." ಹಗ್ಗವನ್ನು ಹ್ಯಾಂಡಲಿಗೆ ಸುತ್ತುತ್ತ ಅವನು ಹೇಳಿದ. "ಬಂದ್ ನೋಡಿದ್ರೆ ಅವ್ರು ಗಾಡಿ ಮೇಲಿದ್ರು. ಆ ಮುಖ ನೋಡ್ಬಿಟ್ ಮೇಲೆ ಯಾವ್ ಬಾಯಲ್ ಹೇಳ್ಲಿ? ಬೇಡ, ಅವ್ರೇ ಓಡಿಸ್ಲಿ ಅಂತ ಬಿಟ್ಬಿಟ್ಟೆ."

ಗಂಟು ಬಿಗಿದು, ಎಳೆದು ನೋಡಿ, ನನ್ನ ಕಡೆ ನೋಡಿದ.

"ನೀನೂ ಅದಕ್ಕೇ ತಾನೇ ಆಮೇಲ್ ಸುಮ್ನಾಗಿದ್ದು?"

ಅವನ ಮುಖದಲ್ಲಿ ಕುಹಕವೇನಾದರೂ ಇದೆಯೇ ಎಂದು ಹುಡುಕಿದೆ. ಇರಲಿಲ್ಲ. ಹೂಂ ಅಂದೆ. ಅವನು ಕೆಳಗೆ ಕೈ ಚಾಚಿ ನನ್ನನ್ನು ಲಾರಿಯ ಮೇಲಕ್ಕೆ ಎಳೆದುಕೊಂಡ. ಅವನ ಪಕ್ಕದಲ್ಲಿ ಕೂತು ಯಲಹಂಕ ದಾಟುವಾಗ ನನ್ನ ಹೊಟ್ಟೆ ಉರಿದಷ್ಟು ಆ ಎರಡು ಸೆಕೆಂಡಿನ ದಿನಗಳಲ್ಲೂ ಉರಿದಿರಲಿಲ್ಲ.